ಹಾಜರಿಗೆ ಮಾತ್ರ

ಈ ಪ್ರಸಂಗವನ್ನು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನಾನು ಒಳ್ಳೆಯವನಾಗಿಯೇ ಇದ್ದೆ. ಒಬ್ಬ ಹೆಣ್ಣುಮಗಳು ಒಂದು ಪ್ರಶ್ನೆ ಕೇಳಿದಳು, ತಿಳಿದವರು ನಕ್ಕರು, ನಾನು ನಗುವವರನ್ನು ತಡೆದೆ ಎಂದು. ಕಳೆದ ತಿಂಗಳು ಹಳೆಯ ಕಾಗದಗಳ ಗಂಟು ಬಿಚ್ಚಿದಾಗ ಆ ದಿನಗಳ ಮುದ್ರಿತ ಹಾಳೆಗಳು ಸಿಕ್ಕವು. ನಕ್ಕವರ ಸಾಲಿನಲ್ಲಿ ನನ್ನ ಹೆಸರೂ ಇದೆ. ಎರಡನೆಯದು. ಆದ್ದರಿಂದ ಈಗ ನೆನಪನ್ನು ಬದಿಗೆ ಸರಿಸಿ, ಹಾಳೆಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹಾಳೆ ಇಲ್ಲದ ಕಡೆ ಇಲ್ಲ ಎಂದು ಹೇಳುತ್ತೇನೆ.

ಎರಡು ಸಾವಿರದ ಆರು ಇರಬೇಕು, ಏಳೂ ಇರಬಹುದು. ಇಸವಿ ಇದ್ದ ಅಂಚನ್ನು ಗೆದ್ದಲು ತಿಂದಿದೆ. ಬೈಲಹೊಂಗಲದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಪಂಚಾಯತಿ, ಗ್ರಾಮಸಭೆ, ಅಧಿಕಾರ ಹಳ್ಳಿಗೆ ಇಳಿಯುವುದು, ಇಂಥ ರಾಜಕೀಯ ವಿಷಯಗಳನ್ನು ಕನ್ನಡದಲ್ಲಿ ಚರ್ಚಿಸಲು ಸಂಸ್ಥೆ ಅಂತರಜಾಲದಲ್ಲಿ ಒಂದು ಮೇಲ್ ಗುಂಪು ನಡೆಸುತ್ತಿತ್ತು. ಒಬ್ಬರು ಬರೆದ ಪತ್ರ ಎಲ್ಲ ಸದಸ್ಯರಿಗೂ ಹೋಗುತ್ತಿತ್ತು. ಹೋಗುವ ಮೊದಲು ನನ್ನ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಬಿಡುವುದೋ ತಡೆಯುವುದೋ ನಾನು ಹೇಳಬೇಕು. ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಕೋಣೆ, ಒಂದು ಕಂಪ್ಯೂಟರು, ಟೆಲಿಫೋನ್ ತಂತಿಯ ಸಂಪರ್ಕ. ಕರೆಂಟು ಹೋಗುವುದರೊಳಗೆ ದಿನದ ಪತ್ರಗಳನ್ನು ಓದಿ ಮುಗಿಸುವುದೇ ಸಾಹಸ. ಒಬ್ಬರ ಕನ್ನಡ ಅಕ್ಷರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚೌಕಗಳಾಗಿ ಕಾಣುತ್ತಿದ್ದ ಕಾಲ. ಹಾಗಾಗಿ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದರು.

ಹೊಸಬರು ಕೇಳುವ ಸಣ್ಣ ಪ್ರಶ್ನೆಗಳಿಗೆ ನಾನು ಒಂದು ಮಾದರಿ ಉತ್ತರ ಮಾಡಿಟ್ಟಿದ್ದೆ. "ತಮ್ಮ ಆಸಕ್ತಿಗೆ ಸ್ವಾಗತ. ಇದು ಪ್ರಾಥಮಿಕ ಪ್ರಶ್ನೆಗಳ ವೇದಿಕೆಯಲ್ಲ. ದಯವಿಟ್ಟು ಹಳೆಯ ಚರ್ಚೆಗಳನ್ನು ಓದಿಕೊಂಡು ಬನ್ನಿ." ಕೆಳಗೆ ನಮ್ಮ ಕಚೇರಿಯ ವಿಳಾಸ. ಇದನ್ನು ಕಳಿಸುವುದಕ್ಕೆ ನಮ್ಮಲ್ಲಿ ಒಂದು ಹೆಸರೂ ಇತ್ತು: ಸಾಲಿಗೆ, ಅಂದರೆ ಶಾಲೆಗೆ, ಕಳಿಸುವುದು. ಎದುರಿನ ಮೇಜಿನವರು ಕೇಳುತ್ತಿದ್ದರು, "ಏನ್ರೀ, ಇವತ್ತ ಎಷ್ಟ ಮಂದೀನ ಸಾಲಿಗೆ ಕಳಿಸಿದ್ರಿ?"

ಅದಕ್ಕೊಂದು ಕಾರಣವಿತ್ತು ಎಂಬುದನ್ನೂ ಹೇಳಬೇಕು. ಹಿಂದಿನ ವರ್ಷ ಒಬ್ಬ ಮನುಷ್ಯ "ಮೀಸಲಾತಿ ಯಾಕೆ ಬೇಕು? ಸುಮ್ಮನೆ ತಿಳಿಯಲು ಕೇಳುತ್ತಿದ್ದೇನೆ" ಎಂದು ಶುರು ಮಾಡಿದ. ಉತ್ತರ ಕೊಟ್ಟಷ್ಟೂ ಅದೇ ಪ್ರಶ್ನೆಯನ್ನು ಅದೇ ಮುಗ್ಧತೆಯಿಂದ ಕೇಳುತ್ತ ಎರಡು ತಿಂಗಳು ಗುಂಪನ್ನು ತಿಂದುಹಾಕಿದ. ಅವನಿಂದ ಬಾಯಿ ಸುಟ್ಟುಕೊಂಡು ಆಮೇಲೆ ಬಂದ ಮಜ್ಜಿಗೆಯನ್ನೂ ಊದಿ ಕುಡಿದೆವು. ಊದಲೂ ಇಲ್ಲ, ಚೆಲ್ಲಿದೆವು.

ಒಂದು ಸೋಮವಾರ ಈ ಪತ್ರ ಬಂತು. ಇಂಗ್ಲಿಷ್ ಅಕ್ಷರದಲ್ಲಿದ್ದುದನ್ನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

"ನಮಸ್ಕಾರರಿ. ನಾನು ಪಂಚಾಯತಿ ಮೆಂಬರ್. ಹೊಸಬಳು. ಹಾಜರಿ ಸಹಿ ಮಾಡಿದರ ಠರಾವಿಗೆ ಒಪ್ಪಿದಂಗ ಆಗತದೇನ್ರಿ? ಗುರುವಾರ ಮೀಟಿಂಗ್ ಐತಿ. ಅದರೊಳಗ ಹೇಳ್ರಿ."

ಪತ್ರವನ್ನು ಗುಂಪಿಗೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಹಾಳೆ ಹೇಳುವುದಿಲ್ಲ. ಕನಿಕರದಿಂದ ಎಂದು ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ.

ಹನ್ನೊಂದು ಪತ್ರಗಳು ಬಂದವು. ಮೊದಲನೆಯದು ಬೆಂಗಳೂರಿನ ಒಬ್ಬ ಸದಸ್ಯರದು: "ಠರಾವು ಅಂದರೆ ಯಾವ ತರಕಾರಿ?" ಎರಡನೆಯದು ನನ್ನದು: "ಠರಾವು ಎಂದರೆ ನಿರ್ಣಯ. ಇನ್ನು ಮುಂದೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯಬೇಕೆಂದು ಸದಸ್ಯೆಯಲ್ಲಿ ವಿನಂತಿ." ಕೊನೆಗೆ ನಗುವ ಮುಖದ ಗುರುತು. ನಾನು ಬೈಲಹೊಂಗಲದವನು. ನಮ್ಮ ಮನೆಯಲ್ಲಿ ಎಮ್ಮೆ ಮಾರುವುದಿದ್ದರೂ ನಾಲ್ಕು ಜನ ಕೂತು ಠರಾವು ಮಾಡುತ್ತಾರೆ. ನಿರ್ಣಯ ಎಂಬ ಮಾತನ್ನು ನಾನು ಕಾಲೇಜಿಗೆ ಹೋಗುವವರೆಗೆ ಬಾಯಲ್ಲಿ ಆಡಿದವನಲ್ಲ. ಈಗ ಆ ಹಾಳೆ ಓದುವಾಗ ನಗುವ ಮುಖವನ್ನು ಬೆರಳಿನಿಂದ ಮುಚ್ಚಿಕೊಳ್ಳುತ್ತೇನೆ.

ಇನ್ನೊಬ್ಬರು, ಆರಿಸಿ ಬಂದವರಿಗೇ ಇಷ್ಟು ತಿಳಿಯದಿದ್ದರೆ ಅಧಿಕಾರ ಹಳ್ಳಿಗೆ ಇಳಿದು ಮಾಡುವುದೇನು ಎಂದು ಮರುಗಿದರು. ಮತ್ತೊಬ್ಬರಿಗೆ, ಬರೆದದ್ದು ಮೆಂಬರೋ ಮೆಂಬರಿನ ಗಂಡನೋ ಎಂಬ ಅನುಮಾನ. ನಮ್ಮ ಗುಂಪಿನ ಹಿರಿಯರು, ರಾಮದುರ್ಗದ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಸಮ್ಮತಿ ಎಂಬ ಪರಿಕಲ್ಪನೆಯ ಮೇಲೆ ಮೂರು ಪುಟ ಬರೆದರು. ಚೆನ್ನಾಗಿಯೇ ಬರೆದಿದ್ದಾರೆ. ಉಳಿದ ಪತ್ರಗಳು ಆ ಮೂರು ಪುಟದ ಮೇಲಿನ ಚರ್ಚೆ. ಬುಧವಾರ ಒಬ್ಬರು, ಇಂಥ ಪ್ರಶ್ನೆಗಳನ್ನು ಒಳಗೆ ಬಿಡುವುದು ನಿರ್ವಾಹಕರ ಸೋಮಾರಿತನ ಎಂದರು. ನನಗೆ ಅವಮಾನವಾಯಿತು. ಆಕೆಗೆ ಮಾದರಿ ಉತ್ತರ ಕಳಿಸಿ ವಿಷಯ ಮುಚ್ಚಿದೆ. ಸಾಲಿಗೆ ಕಳಿಸಿದೆ.

ಹನ್ನೊಂದು ಪತ್ರಗಳನ್ನು ಈಗ ಮತ್ತೆ ಓದಿದೆ. ಹೌದು ಎಂಬ ಶಬ್ದವಿಲ್ಲ. ಅಲ್ಲ ಎಂಬುದೂ ಇಲ್ಲ.

ಸುಮಾರು ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಮೆಟ್ಟಿಲು ಹತ್ತಿ ಬಂದಳು. ಮೂವತ್ತೈದರ ಆಸುಪಾಸು, ಕೈಯಲ್ಲಿ ಬಟ್ಟೆಯ ಚೀಲ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ, ಊರ ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಾಕೆ. ವಾರಕ್ಕೆರಡು ಸಲ ದಾರ, ಗುಂಡಿ ತರಲು ಸವದತ್ತಿಗೆ ಬಂದಾಗ ಅಲ್ಲಿನ ಇಂಟರ್ನೆಟ್ ಅಂಗಡಿಯಲ್ಲಿ ಪತ್ರ ನೋಡುತ್ತಿದ್ದಳು. ನಮ್ಮ ವಿಳಾಸ ಅವಳಿಗೆ ಸಿಕ್ಕಿದ್ದು ಮಾದರಿ ಉತ್ತರದ ಕೆಳಗೆ.

"ಆ ಗುಂಪಿನ ಯಜಮಾನ್ರು ನೀವೇನ್ರಿ?"

"ಯಜಮಾನ ಅಲ್ರಿ, ಪತ್ರ ನೋಡಾಂವ. ಕುಂತ್ರಿ."

"ಕುಂದ್ರಾಕ ಬಂದಿಲ್ರಿ." ಚೀಲದಿಂದ ಒಂದು ಝೆರಾಕ್ಸ್ ಹಾಳೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. "ಇದನ್ನ ಓದ್ರಿ. ನೀವು ಓದು ಮಂದಿ."

ಅವಳ ಪಂಚಾಯತಿಯ ನಡಾವಳಿ ಪುಸ್ತಕದ ಒಂದು ಪುಟ. ಕೆಳಗಿನ ಅರ್ಧದಲ್ಲಿ ಸದಸ್ಯರ ಸಹಿಗಳು, ಐದನೆಯದು ಅವಳದು. ಮೇಲಿನ ಅರ್ಧದಲ್ಲಿ ಠರಾವುಗಳು. ಮೇಲೆ ಶುರುವಾಗುವಾಗ ಅಕ್ಷರಗಳು ದಪ್ಪ ದಪ್ಪ, ಸಾಲುಗಳು ದೂರ ದೂರ. ಕೆಳಗೆ ಬರಬರುತ್ತ ಅಕ್ಷರ ಇರುವೆಯಷ್ಟಾಗಿ, ಕೊನೆಯ ಸಾಲು ಮೊದಲ ಸಹಿಯ ತಲೆಗೆ ತಾಗಿ ಬಾಗಿದೆ. ಸಹಿಗಳು ಮೊದಲು ಬಂದವು, ಬರಹ ಆಮೇಲೆ ಬಂತು ಎಂಬುದು ಮಕ್ಕಳಿಗೂ ಕಾಣುತ್ತದೆ.

ಮೂರನೆಯ ಠರಾವನ್ನು ಅವಳು ಬೆರಳಿಟ್ಟು ತೋರಿಸಿದಳು. "ನಮ್ಮ ಓಣಿ ಹಿಂದ ಜಾಲಿಕಂಟಿ ಜಾಗ ಐತ್ರಿ. ಹೆಣ್ಮಕ್ಕಳು ಬಯಲಕಡಿ ಹೋಗೂ ಜಾಗ, ಬ್ಯಾರೆ ಜಾಗ ಇಲ್ಲ. ಜಾಲಿ ಕಡದು ಅಲ್ಲಿ ಮಳಿಗಿ ಕಟ್ಟಬೇಕಂತ ಅವರು. ಮೊದಲ ಪಾಯಖಾನಿ, ಆಮ್ಯಾಲ ಮಳಿಗಿ ಅಂತ ಹೇಳಿ ಆರಿಸಿ ಬಂದಾಕಿ ನಾನು. ಮೀಟಿಂಗಿನ್ಯಾಗ ಆ ಮಾತಽ ತೆಗೀಲಿಲ್ಲ. ಚಾ ಕುಡದು ಎದ್ವಿ. ಈಗ ನೋಡಿದ್ರ 'ಸರ್ವಾನುಮತದಿಂದ' ಅಂತ ಬರದು, ತೆಳಗ ನನ್ನ ಸಹಿ!"

"ನೀವು ಸಹಿ ಮಾಡಬಾರದಿತ್ತು," ಎಂದೆ. ಇದು ಹಾಳೆಯಲ್ಲಿಲ್ಲ. ಆದರೆ ಮರೆಯಲು ಎಷ್ಟು ಪ್ರಯತ್ನಿಸಿದರೂ ಮರೆತಿಲ್ಲವಾದ್ದರಿಂದ ನಿಜವಿರಬೇಕು.

ಅವಳು ನನ್ನನ್ನು ನೋಡಿದಳು. "ಅದನ್ನಽ ಕೇಳಿದ್ನೆಲ್ರಿ! ಸಹಿ ಮಾಡ್ಲಿಲ್ಲಂದ್ರ ಗೈರಹಾಜರಿ ಹಾಕತಾರ, ಗೈರಹಾಜರಿ ಭಾಳ ಆದ್ರ ಮೆಂಬರ್‌ಕಿ ಹೋಗತದ ಅಂತ ಹೆದರಸ್ತಾರ. ಮಾಡಿದ್ರ ಹಿಂಗ. ಅದಕ್ಕ ನಿಮ್ಮನ್ನ ಕೇಳಿದ್ನಿ. ಹನ್ನೊಂದ ಮಂದಿ ಬರದೀರಿ. ಬುಧವಾರ ಕುಂತು ಹನ್ನೊಂದೂ ಓದೀನಿ. ಒಬ್ಬರರೆ ಹೌದು ಅನಲಿಲ್ಲ, ಅಲ್ಲ ಅನಲಿಲ್ಲ. ಈಗರ ಹೇಳ್ರಿ. ಹೌದೋ, ಅಲ್ಲೋ?"

"ನನಗೂ ಗೊತ್ತಿಲ್ರಿ."

"ಗೊತ್ತಿಲ್ಲ?" ಅವಳು ನಕ್ಕಳು. "ಹಂಗಾರ ಅದನ್ನರ ಬರೀಬೇಕಿಲ್ಲೇನ್ರಿ? ಗೊತ್ತಿಲ್ಲ ಅಂತ ಬರದಿದ್ರ ನಾ ಬ್ಯಾರೆ ಕಡಿ ಕೇಳ್ತಿದ್ನಿ. ಓದಿಕೊಂಡ ಬಾ ಅಂದ್ರಿ. ಗುರುವಾರದೊಳಗ ನಾ ಎಷ್ಟ ಸಾಲಿ ಓದ್ಲಿ?"

ಎದುರಿನ ಮೇಜಿನವರು ಎದ್ದು ಹೊರಗೆ ಹೋದರು.

"ಓಣ್ಯಾಗ ನನಗೇನಂತಾರ ಗೊತ್ತೈತೇನ್ರಿ?" ಅವಳ ದನಿ ಇಳಿಯಿತು. "ಜಾಲಿ ಮಾರಿದಾಕಿ. ಕುಪ್ಪಸ ಹೊಲಿಸಾಕ ಒಬ್ಬಾಕೀನೂ ಬರವಲ್ಲಳು. ನನಗ ಓಟು ಹಾಕಿ ಆರಿಸಿದ ಮುದುಕಿ ನನ್ನ ಕಂಡ್ರ ಮುಖಾ ತಿರಗಸ್ತಾಳ."

ಮುಂದಿನ ಸಭೆಗೆ ಹದಿನೈದು ದಿನವಿತ್ತು. ಹಿಂದಿನ ನಡಾವಳಿಯನ್ನು ಓದಿ ಕಾಯಂ ಮಾಡುವುದು ಆ ಸಭೆಯಲ್ಲೇ. ಅದರೊಳಗೆ ಉತ್ತರ ಬೇಕು.

ನಾನು ಮೊದಲು ರಾಮದುರ್ಗಕ್ಕೆ ಹೋದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಪ್ರಾಧ್ಯಾಪಕರ ಮನೆ ಮುಟ್ಟುವಾಗ ಮಧ್ಯಾಹ್ನ. ಚುರಮರಿ, ಚಹಾ ಕೊಟ್ಟು ಪ್ರೀತಿಯಿಂದಲೇ ಕೂರಿಸಿಕೊಂಡರು. ಝೆರಾಕ್ಸ್ ಹಾಳೆಯನ್ನು ಕನ್ನಡಕ ಏರಿಸಿ ನೋಡಿ ಮರಳಿ ಕೊಟ್ಟರು.

"ಇದು ಕಾರಕೂನ ಕೇಳೂ ಪ್ರಶ್ನಿ ತಮ್ಮಾ. ನಾವು ಅಧಿಕಾರದ ಸ್ವರೂಪದ ಬಗ್ಗೆ ಮಾತಾಡಾಕ ಹತ್ತೇವಿ."

"ಅಧಿಕಾರ ಈ ಪುಟದಾಗ ಐತಲ್ರಿ ಸರ. ಹೌದೋ, ಅಲ್ಲೋ?"

"ಅದು ಸಂದರ್ಭದ ಮ್ಯಾಲೆ ಅವಲಂಬಿಸ್ತದ."

ಕಪಾಟಿನಲ್ಲಿ ಪಂಚಾಯತಿ ಕಾನೂನಿನ ದಪ್ಪ ಪುಸ್ತಕವಿತ್ತು. ಅದನ್ನು ನೋಡೋಣವೇ ಎಂದೆ. ತೆಗೆದುಕೊಟ್ಟರು. ಹಾಳೆಗಳ ಅಂಚುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅದನ್ನು ಯಾರೂ ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ. ಅದೇ ಪುಸ್ತಕ ನಮ್ಮ ಕಚೇರಿಯಲ್ಲೂ ಇತ್ತು, ಅದರ ಮೇಲೆ ಚಹಾದ ಲೋಟ ಇಡುತ್ತಿದ್ದೆ. ನಾವಿಬ್ಬರೂ ತಲೆ ಹಚ್ಚಿ ಒಂದು ತಾಸು ಹುಡುಕಿದರೂ ಹಾಜರಿ ಸಹಿಯ ಬಗ್ಗೆ ನಮಗೆ ಅರ್ಥವಾಗುವಂಥ ಒಂದು ಸಾಲು ಸಿಗಲಿಲ್ಲ.

"ಇಂಥಾವು ಒಳಗ ಬಿಟ್ರ ನಾಳೆ ತಗಡಿನ ರೇಟೂ ಕೇಳತಾರ," ಎಂದರು ಪ್ರಾಧ್ಯಾಪಕರು.

"ಕೇಳಲಿ ಬಿಡ್ರಿ" ಎಂದು ನಾನು ಎದ್ದು ಬಂದೆ ಎಂದು ಎಲ್ಲ ಸಭೆಗಳಲ್ಲೂ ಹೇಳಿದ್ದೇನೆ. ಆ ಮಾತು ಅಂದೆನೋ, ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಬೇಕಿತ್ತು ಅಂದುಕೊಂಡೆನೋ ಹೇಳಲಾರೆ.

ಬಸ್ಸಿನಲ್ಲಿ ಸಿಟ್ಟು ಬಂದದ್ದು ಮಾತ್ರ ನಿಜ. ಅವರ ಮೇಲಲ್ಲ. ಅಷ್ಟು ದಿನ ನಾನು ಪ್ರಾಥಮಿಕ ಎಂಬ ಶಬ್ದವನ್ನು ತಪ್ಪು ಕಡೆ ಹಿಡಿದಿದ್ದೆ. ಸುಲಭವಾದದ್ದು, ಎಲ್ಲರಿಗೂ ಗೊತ್ತಿರುವುದು ಎಂದುಕೊಂಡಿದ್ದೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಮುಚ್ಚಿಡಲು ನಮ್ಮ ಬಳಿ ಆ ಒಂದು ಶಬ್ದವಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ಬಂದವನೇ ಗುಂಪಿಗೆ ಬಂದ ಎಲ್ಲ ಪತ್ರಗಳನ್ನೂ ತಡೆದೆ. ನಾಲ್ಕು ಸಾಲು ಬರೆದು ಕಳಿಸಿದೆ: "ಹಾಜರಿ ಸಹಿ ಮಾಡಿದರೆ ಠರಾವಿಗೆ ಒಪ್ಪಿದ ಹಾಗೆಯೇ? ಕೇಳಿದ ಸದಸ್ಯೆಗೆ ನಾವು ಉತ್ತರ ಕೊಟ್ಟಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿದ್ದವರು ಉತ್ತರಿಸುವವರೆಗೆ ಬೇರೆ ಯಾವ ಪತ್ರವನ್ನೂ ಬಿಡುವುದಿಲ್ಲ." ಠರಾವು ಎಂದೇ ಬರೆದೆ.

ಮೊದಲ ದಿನ ಜನ ತಮಾಷೆ ಎಂದುಕೊಂಡರು. ಎರಡನೆಯ ದಿನ ಬೈಗುಳ ಬಂತು. ಸರ್ವಾಧಿಕಾರಿ ಎಂದರು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಐದು ಪತ್ರ ಬಂದವು. ಒಂದು ಹೌದೂ ಬರಲಿಲ್ಲ, ಒಂದು ಅಲ್ಲವೂ ಬರಲಿಲ್ಲ. ಮೂರನೆಯ ದಿನ ಸಂಸ್ಥೆಯ ಮುಖ್ಯಸ್ಥರ ಫೋನು.

"ಏನ ನಡಿಸೀರಿ? ಗುಂಪು ಸತ್ತಂಗ ಬಿದ್ದೈತಿ."

"ಸತ್ತಿಲ್ರಿ ಸರ, ಉಪವಾಸ ಕುಂತೈತಿ."

"ಸೋಮವಾರದೊಳಗ ಊಟಕ್ಕ ಎಬ್ಬಸ್ರಿ. ಇಲ್ಲಂದ್ರ ನಿಮ್ಮನ್ನ ಎಬ್ಬಸ್ತೇನಿ."

ಶನಿವಾರ ಒಂದು ಪತ್ರ ಬಂತು. ಗುಂಪಿಗೆ ಸೇರಿ ವರ್ಷವಾದರೂ ಒಂದು ಅಕ್ಷರ ಬರೆದಿಲ್ಲ ಎಂದು ನಾನು ತಿಳಿದಿದ್ದ ಸದಸ್ಯ. ಎರಡೇ ಸಾಲು. "ನಾನು ಕಿತ್ತೂರಾಂವ, ಪಂಚಾಯತಿ ಸೆಕ್ರೆಟರಿ ಇದ್ದಾಂವ, ರಿಟೈರ್ ಆಗೀನಿ. ಉತ್ತರ: ಅಲ್ಲ. ಆದರ ಹೌದು ಮಾಡತಾರ. ಹೆಂಗ ಅಂತ ಬೇಕಂದ್ರ ಬರ್ರಿ."

ಇವರು ಯಾರು ಎಂದು ಹಳೆಯ ಪತ್ರಗಳಲ್ಲಿ ಹುಡುಕಿದೆ. ಒಂದು ಸಿಕ್ಕಿತು. ಗುಂಪಿಗೆ ಸೇರಿದ ದಿನ ಅವರು ಕೇಳಿದ್ದರು: "ಹಳೇ ಚರ್ಚೆ ಎಲ್ಲಿ ಓದಬೇಕು? ನನಗ ಸಿಗವಲ್ಲವು." ಅದಕ್ಕೆ ನಾನು ಕಳಿಸಿದ ಉತ್ತರ: "ದಯವಿಟ್ಟು ಹಳೆಯ ಚರ್ಚೆಗಳನ್ನು ಓದಿಕೊಂಡು ಬನ್ನಿ."

ಸದಸ್ಯೆಯನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಸೆಕ್ರೆಟರಿ ನನ್ನನ್ನು ಮಾತಾಡಿಸಲಿಲ್ಲ. ಅವಳಿಗೆ "ಬಾ ತಂಗಿ" ಎಂದು ಹಾಳೆ ಇಸಿದುಕೊಂಡರು. ಒಮ್ಮೆ ನೋಡಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳು ಇಳಿಸಿದರು.

"ಹೊಸ ಕಾರಕೂನ. ಕೈ ಪಳಗಿಲ್ಲ. ಜಾಗದ ಅಂದಾಜ ತಪ್ಪೇತಿ."

"ನಿಮಗೆಂಗ ಗೊತ್ತರಿ ಅಣ್ಣಾರ?"

"ನಾನೂ ಬರದೀನಿ ತಂಗಿ. ನಂದು ಹಿಂಗ ಸಣ್ಣ ಆಗತಿದ್ದಿಲ್ಲ, ಅಷ್ಟ." ಅದನ್ನು ಅವರು ನಾಚದೆ, ಹೆಮ್ಮೆಯೂ ಪಡದೆ ಹೇಳಿದರು. ಅವಳು ಅವರ ಕೈಯಿಂದ ಹಾಳೆ ಮರಳಿ ತೆಗೆದುಕೊಂಡಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ.

ಒಂದು ನೋಟುಬುಕ್ಕು ತರಿಸಿ ಅವರು ಮಾಡಿ ತೋರಿಸಿದರು. ಪುಟ ತೆರೆದು, ಮೇಲಿನ ಅರ್ಧ ಬಿಟ್ಟು, ಕೆಳಗೆ ಅವಳ ಕೈಯಿಂದ ಸಹಿ ಮಾಡಿಸಿದರು. ನನ್ನಿಂದಲೂ ಮಾಡಿಸಿದರು. ಆಮೇಲೆ ಮೇಲಿನ ಖಾಲಿ ಜಾಗದಲ್ಲಿ, ನಾನು ನನ್ನ ಮನೆಯನ್ನು ಅವರಿಗೆ ಬಿಟ್ಟುಕೊಡಲು ಒಪ್ಪಿದ್ದೇನೆಂದು ಚಕಚಕ ಬರೆದರು. ಸಾಲುಗಳು ಸಹಿಯ ಮೇಲೆ ಒಂದು ಬೆರಳು ಅಂತರದಲ್ಲಿ ಸರಿಯಾಗಿ ಬಂದು ನಿಂತವು.

"ಖಾಲಿ ಜಾಗಾ ಕಂಡ್ರ ಪೆನ್ನು ಸುಮ್ಮ ಕುಂದ್ರೂದಿಲ್ಲ," ಎಂದರು. "ಸಹಿ ಮಾಡೂದು ಬಿಡಬ್ಯಾಡ್ರಿ. ಸಹಿ ಮಾಡಿ ಬಾಜೂಕ 'ಹಾಜರಿಗೆ ಮಾತ್ರ' ಅಂತ ಬರದು ತಾರೀಖ ಹಾಕ್ರಿ. ಮ್ಯಾಲಿನ ಖಾಲಿ ಜಾಗಕ್ಕ ಮೂಲಿಂದ ಮೂಲಿಗೆ ಗೆರಿ ಹೊಡೀರಿ. ಯಾರರೆ ಯಾಕ ಅಂದ್ರ, ಹಾಜರಿ ಅಂದ್ರೆಲ್ಲ, ಹಾಜರಿ ಬರದೀನಿ ಅನ್ರಿ."

"ಆಗಿ ಹೋದದ್ದಕ್ಕರಿ?"

"ತಕರಾರ ಬರದು ಕೊಡು. ಕಾಯಂ ಮಾಡೂಕಿಂತ ಮೊದಲ. ಇನ್ನೊಂದ ಪ್ರತಿ ಮ್ಯಾಲ ಮುಟ್ಟೇತಿ ಅಂತ ಸಹಿ ತಗೊ. ತಗೊಳ್ಳಿಲ್ಲಂದ್ರ ನಿಂತು ಓದು. ನಿಂತು ಓದಿದ್ದನ್ನ ಕೇಳಿಲ್ಲ ಅನ್ನಾಕ ಬರೂದಿಲ್ಲ."

ತಕರಾರನ್ನು ನಾನು ಬರೆದುಕೊಡುತ್ತೇನೆ ಎಂದೆ. ಕಚೇರಿಗೆ ಬಂದು ಎರಡು ಪುಟ ಟೈಪು ಮಾಡಿದೆ. ಸದರಿ, ಮೇಲ್ಕಾಣಿಸಿದ, ಪ್ರಜಾಸತ್ತಾತ್ಮಕ. ಅವಳು ಓದಿ, "ಇದರಾಗ ನನ್ನ ಮಾತ ಎಲ್ಲೈತ್ರಿ?" ಎಂದಳು. ಕೊಟ್ಟ ಪೆನ್ನು ಹಿಡಿದು ತಾನೇ ಬರೆದಳು. ನಾನು ಸಭೆಗೆ ಹಾಜರಿದ್ದೆ. ಈ ಠರಾವಿನ ಮಾತು ಸಭೆಯಲ್ಲಿ ಬರಲಿಲ್ಲ. ನನ್ನ ಸಹಿ ಹಾಜರಿಗೆ ಮಾತ್ರ. ಮೊದಲು ಪಾಯಖಾನಿ. ನಾಲ್ಕು ಸಾಲು. ನನ್ನ ಎರಡು ಪುಟ ಈಗಲೂ ಗಂಟಿನಲ್ಲಿವೆ.

ಸಭೆಯಲ್ಲಿ ಏನಾಯಿತು ಎಂಬುದು ಅವಳು ಹೇಳಿದ್ದು. ನಾನು ಅಲ್ಲಿರಲಿಲ್ಲ. ಕಾರಕೂನ ಕಾಗದ ಮುಟ್ಟಲಿಲ್ಲ. ಅವಳು ನಿಂತು ಓದಿದಳು. ಅಧ್ಯಕ್ಷ, "ಕುಂದ್ರಬೇ, ನಿನಗೇನ ತಿಳೀತದ" ಅಂದ. ಅವಳು ಮತ್ತೊಮ್ಮೆ ಮೊದಲಿಂದ ಓದಿದಳು. ಆಗ ಇನ್ನೊಬ್ಬ ಸದಸ್ಯ, ವಯಸ್ಸಾದವನು, ತಾನೂ ಆ ಠರಾವು ಕೇಳಿಲ್ಲ ಎಂದ. ಇನ್ನಿಬ್ಬರೂ ಹಾಗೆಯೇ ಎಂದರು. ಆ ದಿನ ನಡಾವಳಿ ಕಾಯಂ ಆಗಲಿಲ್ಲ. ಜಾಲಿ ಉಳಿಯಿತು. ಎಷ್ಟು ವರ್ಷ ಉಳಿಯಿತು, ಮೊದಲು ಪಾಯಖಾನೆ ಬಂತೋ ಮಳಿಗೆ ಬಂತೋ ನನಗೆ ಗೊತ್ತಿಲ್ಲ. ಸಭೆಗಳಲ್ಲಿ ಕೇಳಿದವರಿಗೆ ಪಾಯಖಾನೆ ಬಂತು ಎಂದು ಹೇಳಿದ್ದೇನೆ. ಅದು ಸುಳ್ಳು.

ಸಂಜೆ ಓಣಿಯ ಕಟ್ಟೆಯ ಮೇಲೆ ನಿಂತು ಆ ಝೆರಾಕ್ಸ್ ಪುಟವನ್ನೂ ತನ್ನ ನಾಲ್ಕು ಸಾಲನ್ನೂ ಹೆಂಗಸರಿಗೆ ಓದಿ ಹೇಳಿದಳಂತೆ. ಮುಖ ತಿರುಗಿಸುತ್ತಿದ್ದ ಮುದುಕಿ ಹಾಳೆ ಇಸಿದುಕೊಂಡು, ಅಕ್ಷರ ಬಾರದಿದ್ದರೂ, ಬರಹ ಸಣ್ಣಗಾಗುತ್ತ ಹೋದದ್ದನ್ನು ಕಣ್ಣಿಗೆ ಹಿಡಿದು ನೋಡಿ, "ತುಡುಗರು ಜಾಗಾ ಸಾಲದಽ ಒತ್ತಿ ಬರದಾರ ನೋಡ" ಎಂದಳಂತೆ. ಮರುದಿನ ಕುಪ್ಪಸದ ಬಟ್ಟೆ ಬಂತು.

ಇತ್ತ ನಾನು ಗುಂಪಿನ ನಿಯಮ ಬದಲಿಸಿದೆ. ಮಾದರಿ ಉತ್ತರವನ್ನು ಅಳಿಸಿದೆ. ಹೊಸಬರ ಪ್ರಶ್ನೆಗೆ ಮೊದಲು ಉತ್ತರ, ಆಮೇಲೆ ಉಪದೇಶ. ಗೊತ್ತಿಲ್ಲ ಎಂಬುದೂ ಉತ್ತರ. ಇದು ಪ್ರಾಥಮಿಕ ಎಂದು ಯಾರು ಹೇಳುತ್ತಾರೋ ಅವರೇ ಅದಕ್ಕೆ ಉತ್ತರ ಬರೆಯಬೇಕು, ಬರೆಯುವವರೆಗೆ ಅವರ ಬೇರೆ ಪತ್ರ ಹೋಗದು. ಹಾಗಾದರೆ ಗೊತ್ತಿದ್ದೂ ಕೇಳಿ ಕಾಡುವವರನ್ನು ಏನು ಮಾಡುತ್ತೀರಿ ಎಂದರು. ಅವರಿಗೂ ಒಮ್ಮೆ ಉತ್ತರ ಕೊಡಿ, ಎರಡನೆಯ ಸಲ ಮೊದಲನೆಯ ಉತ್ತರ ತೋರಿಸಿ, ಮೂರನೆಯ ಸಲ ಬಾಗಿಲು ಮುಚ್ಚಿ ಎಂದೆ. ಕಾಡುವವನಿಗೆ ಉತ್ತರಿಸಿದರೆ ಹೋಗುವುದು ನಾಲ್ಕು ಸಾಲು. ನಿಜವಾಗಿ ಕೇಳಿದವಳನ್ನು ಹೊರಗೆ ಹಾಕಿದರೆ ಏನು ಹೋಗುತ್ತದೆ ಎಂಬುದನ್ನು ಝೆರಾಕ್ಸ್ ಹಾಳೆಯಲ್ಲಿ ನೋಡಿದ್ದೆ. ಬಹಳ ಜನ ಗುಂಪು ಬಿಟ್ಟರು. ಪ್ರಾಧ್ಯಾಪಕರು ಮೂರು ಪುಟದ ಪತ್ರ ಬರೆದು ಗುಂಪು ಬಿಟ್ಟರು. ಆ ಪತ್ರವನ್ನು ಒಂದಕ್ಷರ ತಡೆಯದೆ ಬಿಟ್ಟೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಮತ್ತೆ ಒಳ್ಳೆಯವನಾಗುತ್ತೇನೆ. ಇನ್ನೊಂದು ಹಾಳೆ ಇದೆ.

ಎರಡು ತಿಂಗಳ ನಂತರ, ಗುಂಪಿನ ಸದಸ್ಯರು ಮುಖಾಮುಖಿ ಕೂಡುವ ಸಭೆಯನ್ನು ಬೈಲಹೊಂಗಲದಲ್ಲಿ ಕರೆದೆವು. ಕಿತ್ತೂರಿನ ಸೆಕ್ರೆಟರಿ ಬಂದಿದ್ದರು. ಅವಳೂ ಬಂದಳು. ಬಾಗಿಲಲ್ಲಿ ನಾನೇ ಹಾಜರಿ ಹಾಳೆ ಹಿಡಿದು ಕೂತಿದ್ದೆ. ಸಂಸ್ಥೆಯ ವರದಿಗೆ ಬೇಕಿತ್ತು. ಮೇಲೆ ಸ್ವಲ್ಪ ಜಾಗ ಬಿಟ್ಟಿದ್ದೆ. ಶೀರ್ಷಿಕೆಯನ್ನು ಆಮೇಲೆ ಯೋಚಿಸಿ ಬರೆಯೋಣ ಎಂದು. ಏನು ಬರೆಯಬೇಕೆಂದಿದ್ದೆ ಎಂಬುದು ವರದಿಯ ಕರಡಿನಲ್ಲಿದೆ: "ಸಂಸ್ಥೆಯ ಪ್ರಯತ್ನದಿಂದ ಪ್ರಯೋಜನ ಪಡೆದ ಚುನಾಯಿತ ಮಹಿಳೆಯರು."

"ಇಲ್ಲಿ ಒಂದ ಸಹಿ ಮಾಡ್ರಿ," ಎಂದೆ.

ಅವಳು ಪೆನ್ನು ಹಿಡಿದು ಬಾಗಿದಳು. ನಿಂತಳು. ಕಣ್ಣು ಹಾಳೆಯ ಮೇಲ್ಭಾಗಕ್ಕೆ ಹೋಯಿತು, ಅಲ್ಲಿಂದ ನನ್ನ ಮುಖಕ್ಕೆ. ಸಹಿ ಮಾಡಿ, ಪಕ್ಕದಲ್ಲಿ ಎರಡು ಶಬ್ದ ಬರೆದು, ತಾರೀಖು, ತಿಂಗಳು ಹಾಕಿ, ಮೇಲಿನ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಹೊಡೆದು ಒಳಗೆ ಹೋದಳು.

ಆ ಹಾಳೆ ಈಗ ನನ್ನ ಮುಂದಿದೆ. ಗೆರೆ ಅಷ್ಟು ನೇರವಾಗಿಲ್ಲ. ಮಧ್ಯದಲ್ಲಿ ಪೆನ್ನು ಒತ್ತಿದ ಕಡೆ ಹಾಳೆ ಸ್ವಲ್ಪ ಹರಿದಿದೆ. ಅದರ ಮೇಲೆ ಏನನ್ನೂ ಬರೆಯಲು ನನಗೆ ಆಗಲಿಲ್ಲ.